ಕಿಟಕಿಯಿಲ್ಲದ ಓಣಿ

ನಾನು ಕೂತು ಕೆಲಸ ಮಾಡುವ ಕೋಣೆ ಮೊದಲು ಕಾಳು ತುಂಬುವ ಕೋಣೆಯಾಗಿತ್ತು. ಈಗಲೂ ಮಳೆಗಾಲ ಬಂತೆಂದರೆ ಗೋಡೆಯೊಳಗಿಂದ ತೊಗರಿಯ ವಾಸನೆ, ಬೇವಿನ ಎಲೆಯ ವಾಸನೆ ಎದ್ದು ಬರುತ್ತದೆ. ನಾಲ್ಕೂ ಕಡೆ ಮೊಳಗಟ್ಟಲೆ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ತಟ್ಟೆಯಗಲದ ಒಂದು ಬೆಳಕಿಂಡಿ. ಮಧ್ಯಾಹ್ನದಲ್ಲಿ ಅದರಿಂದ ಒಂದು ರೊಟ್ಟಿಯಷ್ಟು ಬಿಸಿಲು ನೆಲದ ಮೇಲೆ ಬೀಳುತ್ತದೆ, ಸ್ವಲ್ಪ ಹೊತ್ತು ಸರಿದಾಡಿ ಗೋಡೆ ಹತ್ತಿ ಹೋಗಿಬಿಡುತ್ತದೆ. ಉಳಿದ ಹೊತ್ತೆಲ್ಲ ಟ್ಯೂಬ್‌ಲೈಟು. ಕಿಟಕಿ ಅನ್ನುವುದು ಇಲ್ಲ. ಇಂಥ ಕೋಣೆಯಲ್ಲಿ ಕೂತು ನಾನು ಸಮುದ್ರದ ದಂಡೆಯ ಒಂದು ಊರು ಕಟ್ಟುತ್ತೇನೆ ಎಂದರೆ ಕೇಳಿದವರಿಗೆ ನಗು ಬರುತ್ತದೆ. ಸಿಟ್ಟು ಇಲ್ಲದ ದಿನ ನನಗೂ ಬರುತ್ತದೆ.

ಆ ಊರು ಈಗಿನ ಇಸ್ತಾಂಬುಲ್. ಎಂಟುನೂರು ಒಂಬೈನೂರು ವರ್ಷದ ಹಿಂದೆ ಅದು ಕಾನ್‌ಸ್ಟಾಂಟಿನೋಪಲ್, ಬೈಜಾಂಟೈನ್ ದೊರೆಗಳ ರಾಜಧಾನಿ. ಆಗಿನ ಅರಮನೆ, ಚರ್ಚು, ಕುದುರೆ ಓಟದ ಬಯಲು, ನೆಲದಡಿಯ ನೀರಿನ ತೊಟ್ಟಿಗಳಲ್ಲಿ ಬಹಳಷ್ಟು ಬಿದ್ದುಹೋಗಿವೆ, ಇಲ್ಲವೇ ಹೊಸ ಮನೆಗಳ ಅಡಿ ಹೂತುಹೋಗಿವೆ. ಅವನ್ನು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವ ಒಂದು ತಂಡವಿದೆ. ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದಾರೆ. ನಾನು ಆಳಂದದಲ್ಲಿದ್ದೇನೆ. ಅಗೆದು ತೆಗೆದ ಬುನಾದಿಯ ನಕ್ಷೆ, ಉಳಿದ ಗೋಡೆಗಳ ಫೋಟೊ, ಹಳೆಯ ಪ್ರವಾಸಿಗಳು ಬರೆದಿಟ್ಟ ನಾಲ್ಕು ಮಾತು, ಇಷ್ಟನ್ನು ಅವರು ಕಳಿಸುತ್ತಾರೆ. ಅದರ ಮೇಲೆ ನಾನು ಗೋಡೆ ಎಬ್ಬಿಸಬೇಕು, ಕಮಾನು ತಿರುಗಿಸಬೇಕು, ಗುಮ್ಮಟ ಕೂಡಿಸಬೇಕು.

ಈ ಕೆಲಸಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಪುರಾವೆ ಇರುವ ಭಾಗಕ್ಕೆ ಬೂದಿ ಬಣ್ಣ, ಅಂದಾಜಿನ ಭಾಗಕ್ಕೆ ಹಳದಿ, ಬರೇ ಕಲ್ಪನೆಯದಕ್ಕೆ ಕೆಂಪು. ಎಲ್ಲರೂ ನೋಡಿ ಒಪ್ಪಿದ ಮೇಲೆಯೇ ಈ ಬಣ್ಣ ತೆಗೆದು ಕಲ್ಲು, ಗಾರೆ, ಅಮೃತಶಿಲೆ ಹೊದಿಸುವುದು. ಅಲ್ಲಿಯವರೆಗೆ ಯಾರೂ ತಾವು ಊಹಿಸಿದ್ದನ್ನು ಕಂಡದ್ದೆಂದು ಹೇಳಿ ಪಾರಾಗುವಂತಿಲ್ಲ. ಮನುಷ್ಯರಿಗೂ ಇಂಥದೊಂದು ಬಣ್ಣದ ಪದ್ಧತಿ ಇದ್ದಿದ್ದರೆ ನಮ್ಮ ಮನೆಯಲ್ಲಿ ಎಷ್ಟೋ ಜಗಳ ಕಡಿಮೆಯಾಗುತ್ತಿದ್ದವು.

ನಾನು ಹುಟ್ಟಿದ್ದು ನಿಂಬರ್ಗಾದಲ್ಲಿ. ಅಪ್ಪ ಹಟ ಹಿಡಿದು ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾ ಓದಿಸಿದ. ಅಲ್ಲೇ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಿದ್ದಾಗ ಆಳಂದದ ಈ ವಾಡೆಯಿಂದ ಸಂಬಂಧ ಬಂತು. ವಾಡೆ ಎಂದರೆ ನಮ್ಮ ಕಡೆ ಜಮೀನುದಾರರ ಹಳೆಯ ದೊಡ್ಡ ಮನೆ. ಓಣಿಯ ಕಡೆ ಒಂದೇ ತಲಬಾಗಿಲು, ಅದು ದಾಟಿದರೆ ಪಡಸಾಲೆ, ಅಂಗಳ, ನಡುಮನೆ. ಏನಿದ್ದರೂ ಎಲ್ಲ ಒಳಗೆ. ಹೆಂಗಸರೂ ಒಳಗೆ. ಮದುವೆಯ ಮಾತಿನಲ್ಲೇ ಅತ್ತೆ ಹೇಳಿದ್ದರು, ಮನೆಯಲ್ಲಿ ಕುಂತು ಮಾಡುವ ಕೆಲಸವಾದರೆ ಮಾಡಲಿ, ನಾವೇನು ಬ್ಯಾಡ ಅನ್ನುವವರಲ್ಲ ಎಂದು. ಆಗ ಅದು ದೊಡ್ಡ ಮನಸ್ಸಿನ ಮಾತೆಂದು ನಮ್ಮ ಮನೆಯವರೆಲ್ಲ ಹಿಗ್ಗಿದರು. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಈ ತಂಡದ ದಾರಿ ತೋರಿಸಿದಳು, ಕಾಳಿನ ಕೋಣೆ ಖಾಲಿಯಾಯಿತು, ನಾನು ಒಳಗೆ ಸೇರಿದೆ.

ಇಲ್ಲಿ ಯಾರೂ ನನ್ನನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ, ಉಣ್ಣಲಿಕ್ಕೆ ಕಡಿಮೆ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದಿದವರು ನನ್ನ ಅತ್ತೆಯ ಬಗ್ಗೆ ಏನೇನೋ ಎಣಿಸಿಕೊಳ್ಳುತ್ತಾರೆ. ಆದರೆ ವಾಡೆಯ ಹೆಣ್ಣುಮಕ್ಕಳು ಓಣಿಯಲ್ಲಿ ಕಾಣಬಾರದು. ಹೋಗುವುದಾದರೆ ಕಾರಿನಲ್ಲಿ ಅಂಗಳದಲ್ಲೇ ಹತ್ತಬೇಕು, ಹೋದಲ್ಲಿ ಅವರ ಅಂಗಳದಲ್ಲೇ ಇಳಿಯಬೇಕು. ಜೇವರ್ಗಿಯಲ್ಲಿರುವ ನಾದಿನಿಯ ಮನೆಗೆ ಹೋದರೂ ಹಾಗೆಯೇ, ಅಫಜಲಪುರ ತಾಲೂಕಿನ ಗೊಬ್ಬೂರಿನ ಮದುವೆಗೆ ಹೋದರೂ ಹಾಗೆಯೇ. ಮದುವೆಯಾದ ಮೇಲೆ ಮೂರು ತಾಲೂಕು ನೋಡಿದ್ದೇನೆ ಅನ್ನಬಹುದು, ನೋಡಿದ್ದೆಲ್ಲ ಕಾರಿನ ಕರಿ ಗಾಜಿನಿಂದ. ಬೀದಿಯ ಅಂಗಡಿಗೆ ಹೋಗಿ ಒಂದು ಪೆನ್ನು ತರಬೇಕೆಂದರೆ ನಾಲ್ಕು ಮಂದಿಗೆ ಉತ್ತರ ಹೇಳಬೇಕು. ಎಲ್ಲಿಗೆ, ಯಾಕೆ, ಆಳಿಗೆ ಹೇಳಬಾರದಿತ್ತೇ ಎಂದು. ಉತ್ತರ ಹೇಳಿ ಹೇಳಿ ಸಾಕಾಗಿ ಪೆನ್ನೇ ಬೇಡವಾಗುತ್ತದೆ.

ಅದಕ್ಕೇ ನನಗೆ ಆ ಹಳೆಯ ಊರು ಹಿಡಿಸಿದ್ದು. ಅಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಟ್ಟಡಗಳನ್ನು ಮಾತ್ರ ಎಬ್ಬಿಸುತ್ತೇವೆ, ಮಂದಿಯನ್ನು ಎಬ್ಬಿಸುವುದಿಲ್ಲ. ಕೆಲಸ ಮುಗಿದ ಮೇಲೆ ಬಾಣದ ಕೀಲಿ ಒತ್ತುತ್ತ ನಾನೇ ಕಟ್ಟಿದ ಬೀದಿಯಲ್ಲಿ ಅಡ್ಡಾಡುತ್ತೇನೆ. ಕೋಟೆ ಬಾಗಿಲಿನಿಂದ ಹೊರಟು ಕಂಬಗಳ ಸಾಲು ದಾಟಿ ದೊಡ್ಡ ಚರ್ಚಿಗೆ ಬರುತ್ತೇನೆ. ಅದರ ಅಟ್ಟದ ಮೇಲೆ ಹೆಂಗಸರು ನಿಲ್ಲುವ ಮೊಗಸಾಲೆಯಿದೆ, ಅಲ್ಲಿ ರಾಣಿಯ ಆಸನವಿದ್ದ ಜಾಗಕ್ಕೆ ಗುರುತಾಗಿ ಒಂದು ದುಂಡನೆಯ ಹಸಿರು ಕಲ್ಲು ಕೂಡಿಸಿದ್ದಾರೆ. ಎಷ್ಟೋ ಸಲ ಆ ಕಲ್ಲಿನ ಮೇಲೆ ನಿಂತು ಕೆಳಗೆ ನೋಡಿದ್ದೇನೆ. ರಾಣಿಯಾದವಳಿಗೂ ಅಟ್ಟವೇ ಗತಿಯಾಗಿತ್ತಲ್ಲ ಎಂದು ಸಮಾಧಾನವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಹೀಗಿರುವಾಗ ನನಗೊಂದು ಓಣಿ ಬಂತು. ಸಣ್ಣದೊಂದು ಚರ್ಚಿನ ಮಗ್ಗುಲಿಂದ ಸಮುದ್ರದ ಕಡೆಗೆ ಇಳಿಯುವ ಓಣಿ, ಎರಡೂ ಕಡೆ ಮನೆಗಳು. ಚರ್ಚನ್ನು ಬೇರೆಯವರು ಮಾಡಿದ್ದರು, ಮನೆಗಳು ನನ್ನ ಪಾಲಿಗೆ. ಸಿಕ್ಕಿದ್ದು ಬುನಾದಿ ಮಾತ್ರ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದೆ. ಕಲ್ಲಿನ ವರಸೆ, ನಡುನಡುವೆ ಇಟ್ಟಿಗೆಯ ಪಟ್ಟಿ, ಒಳಗೆ ಅಂಗಳ, ಅಂಗಳಕ್ಕೆ ತೆರೆದ ಕೋಣೆಗಳು, ಓಣಿಯ ಕಡೆ ಗಟ್ಟಿಮುಟ್ಟಾದ ಬಾಗಿಲು. ಚೆಂದ ಬಂದಿದೆ ಎಂದು ನನಗೇ ಅನ್ನಿಸಿತ್ತು.

ತಂಡದ ಹಿರಿಯರು ಒಬ್ಬ ನಿವೃತ್ತ ಪ್ರೊಫೆಸರಮ್ಮ. ಬೆಳ್ಳಗಿನ ಕೂದಲು, ನನಗೆ ತಿಳಿಯಲಿ ಎಂದು ಇಂಗ್ಲಿಷನ್ನು ನಿಧಾನಕ್ಕೆ ಬಿಡಿಸಿ ಮಾತಾಡುತ್ತಾರೆ. ವಿಡಿಯೊ ಕಾಲ್‌ನಲ್ಲಿ ನನ್ನ ಓಣಿಯನ್ನು ಮೇಲಿಂದ ಕೆಳಗೆ ಒಂದು ಸಲ ನಡೆಸಿ ನೋಡಿದರು, ಮತ್ತೆ ಕೆಳಗಿಂದ ಮೇಲೆ ಬಂದರು. ಆಮೇಲೆ ಕೇಳಿದರು, ಈ ಮನೆಗಳಿಗೆ ಕಿಟಕಿ ಎಲ್ಲಿ?

ನಾನು ತೆರೆ ನೋಡಿದೆ. ಇರಲಿಲ್ಲ. ಓಣಿಯುದ್ದಕ್ಕೂ ಒಂದು ಮನೆಗೂ ಬೀದಿಯ ಕಡೆ ಕಿಟಕಿ ಇಟ್ಟಿರಲಿಲ್ಲ. ಬುನಾದಿಯಲ್ಲಿ ಕಿಟಕಿ ಕಾಣುವುದಿಲ್ಲವಲ್ಲ ಎಂದೆ. ಅವರು ಹೌದೆಂದರು, ಅದಕ್ಕೆ ಬೇಜಾರಿಲ್ಲ, ಆದರೆ ಬಣ್ಣ ನೋಡು ಎಂದರು. ಬುನಾದಿಯಿಂದ ಮಾಳಿಗೆಯವರೆಗೆ ಆ ಬರಿಗೋಡೆಗಳಿಗೆಲ್ಲ ನಾನು ಬೂದಿ ಬಣ್ಣ ಬಳಿದಿದ್ದೆ. ಖಾತ್ರಿಯ ಬಣ್ಣ. ಹಳದಿ ಕೂಡ ಅಲ್ಲ. ಬೀದಿಯ ಗೋಡೆಗೆ ಕಿಟಕಿ ಇರಲಿಲ್ಲವೆಂದು ಇಷ್ಟು ಖಾತ್ರಿಯಾಗಿ ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿ ತಿಳಿಯಲಿಕ್ಕೆ ಕೇಳಿದರು.

ಆಮೇಲೆ ಅವರೇ ಹೇಳಿದರು. ಆ ಊರಿನಲ್ಲಿ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟುತ್ತಿದ್ದರು, ಕಿಟಕಿ ಇಡುತ್ತಿದ್ದರು, ಅದಕ್ಕಾಗಿ ನೆರೆಹೊರೆಯವರು ಜಗಳಾಡುತ್ತಿದ್ದರು. ಒಬ್ಬರ ಮನೆಯಿಂದ ಕಾಣುವ ಸಮುದ್ರವನ್ನು ಇನ್ನೊಬ್ಬರು ಮನೆ ಕಟ್ಟಿ ಮರೆಮಾಡಬಾರದೆಂದು ದೊರೆಯ ಕಾಯ್ದೆಯೇ ಇತ್ತಂತೆ. ನೋಡಲಿಕ್ಕೆಂದು ಒಂದು ಕಾಯ್ದೆ! ಕಾಲ್ ಮುಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಸುಮ್ಮನೆ ಕೂತೆ. ಮೈ ಉರಿಯುತ್ತಿತ್ತು. ಸಮುದ್ರ ಹಾಳಾಗಲಿ, ನನಗೆ ಓಣಿಯಾದರೂ ಕಾಣಬೇಕು ಅನ್ನಿಸಿತು. ನನ್ನ ಕೋಣೆಗೆ ಒಂದು ಕಿಟಕಿ ಬೇಕು. ಆವತ್ತಿನಿಂದ ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ.

ಗಂಡನಿಗೆ ಹೇಳಿದೆ. ಅವರು ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ಊರಿನ ರೈತರ ಜೊತೆ ಖಡಕ್ಕಾಗಿ ಮಾತಾಡುತ್ತಾರೆ, ತಾಯಿಯ ಮುಂದೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇಡಿಸಬಹುದು, ಆದರೆ ಅವ್ವನನ್ನು ಕೇಳು ಎಂದರು. ನೀವೇ ಕೇಳಿರಿ ಎಂದರೆ, ನಿನ್ನ ಕೋಣೆ, ನೀನೇ ಕೇಳಿದರೆ ಚೆಂದ ಎಂದರು. ಮಾರನೆಯ ದಿನ ಅತ್ತೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಗ ಹತ್ತಿರ ಹೋಗಿ ಕೂತೆ.

"ಅತ್ತಿ, ನನ್ನ ಕೋಣಿಗೊಂದು ಕಿಡಕಿ ಇಡಸ್ರಿ," ಎಂದೆ.

ಅವರು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

"ಏನ್ ನೋಡೋದದ ಓಣ್ಯಾಗ?"

ನೋಡಲಿಕ್ಕಲ್ಲ, ಬೆಳಕಿಗೆ ಎಂದೆ. ಕಣ್ಣು ನೋಯುತ್ತವೆ ಎಂದೆ. ದೊಡ್ಡ ಬಲ್ಬು ತರಿಸಿಕೊ ಎಂದರು. ಗಾಳಿ ಬೇಕು ಎಂದೆ. ಸಂಜೆ ಮುಂದೆ ಮಾಳಿಗೆ ಹತ್ತು ಎಂದರು. ಹಿರಿಯರು ಕಟ್ಟಿದ ಗೋಡೆ ಅದು, ಮೊದಲಿಂದ ಹೀಗೇ ಇತ್ತು, ಹೀಗೇ ಇರುತ್ತದೆ, ಒಂದು ಕಲ್ಲು ಜಗ್ಗಿದರೆ ಮಾಳಿಗೆ ಕುಸಿದೀತು ಎಂದು ಹೇಳಿ ಮಾತು ಮುಗಿಸಿದರು. ಅದೇ ವಾರ ಜೇವರ್ಗಿಯಿಂದ ನಾದಿನಿಯ ಫೋನು ಬಂತು, ವಾಡೆಯ ಗೋಡೆ ಒಡೆದರೆ ಮಂದಿ ಏನಂದಾರು ಎಂದು. ಅವಳ ಹೊಸ ಮನೆಗೆ ಬಾಗಿಲಷ್ಟು ಎತ್ತರದ ಗಾಜಿನ ಕಿಟಕಿಗಳಿವೆ. ಅದನ್ನು ಅವಳಿಗೆ ನೆನಪು ಮಾಡಿಕೊಟ್ಟೆ. ಅವಳು ಫೋನು ಇಟ್ಟುಬಿಟ್ಟಳು.

ನಾನು ಆ ಓಣಿಯ ಕೆಲಸವನ್ನೂ ಮುಂದಕ್ಕೆ ಒಯ್ಯಲಿಲ್ಲ. ಕಿಟಕಿ ಇಡಬೇಕೆಂದು ಕೂತರೆ ಕೈ ಬರುತ್ತಿರಲಿಲ್ಲ. ಎಷ್ಟು ಎತ್ತರಕ್ಕೆ ಇಡಬೇಕು, ಒಳಗೆ ಕೂತವರಿಗೆ ಏನು ಕಾಣಬೇಕು, ನನಗೆ ಒಂದೂ ಹೊಳೆಯದು. ನಿಂಬರ್ಗಾದ ತವರಿನಲ್ಲಿ ಕಿಟಕಿ ಇತ್ತು. ಅದರಿಂದ ಏನು ಕಾಣುತ್ತಿತ್ತೆಂದು ಕಣ್ಣು ಮುಚ್ಚಿ ನೆನೆದರೆ ಗೋಡೆಯೇ ಕಾಣುತ್ತಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ದಿನ ನನ್ನನ್ನು ಒಳಗೆ ಇಟ್ಟಿದ್ದಾರೆ ಎಂದುಕೊಂಡಿದ್ದೆ, ಈಗ ನಾನೇ ಒಳಗಿನವಳಾಗಿಬಿಟ್ಟೆನೇನೋ ಅನ್ನಿಸಿತು.

ಮಳೆ ಹಿಡಿಯಿತು. ಆ ವರ್ಷ ನನ್ನ ಕೋಣೆಯ ಓಣಿಯ ಕಡೆಯ ಗೋಡೆ ತೇವ ಕುಡಿದು ಉಬ್ಬಿತು. ಹಾಸಿಗೆ ಇಡುವ ಕಬ್ಬಿಣದ ಕಪಾಟನ್ನು ಆಳಿನ ಕೈಲಿ ಈಚೆ ಸರಿಸಿದಾಗ ಅದರ ಹಿಂದಿನ ಸುಣ್ಣ ಹಪ್ಪಳದಂತೆ ಎದ್ದು ಬಿದ್ದಿತ್ತು. ಕಲ್ಲು ಹೊರಗೆ ಕಾಣುತ್ತಿತ್ತು. ಗೋಡೆಯಲ್ಲಿ ಕಲ್ಲು ಒಂದನ್ನೊಂದು ಕಚ್ಚಿಕೊಂಡು ಹೋಗಬೇಕು, ಸಂದು ಒಂದರ ಮೇಲೊಂದು ಬರಬಾರದು. ಇಲ್ಲಿ ಸಂದು ಸೊಂಟದ ಮಟ್ಟದಿಂದ ಮೇಲಕ್ಕೆ ದಾರ ಹಿಡಿದಂತೆ ನೇರ ಹೋಗಿತ್ತು. ಎರಡು ಮೊಳ ಆಚೆಗೆ ಇನ್ನೊಂದು ಅಂಥದೇ ಸಂದು. ಎರಡರ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಕಲ್ಲು. ನಡುವೆ ಮಾತ್ರ ಕೈಗೆ ಸಿಕ್ಕ ಹೆಂಟೆ, ಇಟ್ಟಿಗೆ ಚೂರು, ಮಣ್ಣು ತುಂಬಿದ್ದರು.

ಇಂಥದನ್ನು ನಾನು ಎಷ್ಟು ಬರೆದಿದ್ದೆ! ಆ ಊರಿನ ಕೋಟೆಯಲ್ಲಿ ಶತ್ರುವಿಗೆ ಹೆದರಿ ಮುಚ್ಚಿದ ಬಾಗಿಲುಗಳು ಬೇಕಾದಷ್ಟಿವೆ, ಎಲ್ಲಕ್ಕೂ ಇದೇ ಗುರುತು. ಇದು ಕಿಟಕಿ. ಒಂದು ಕಾಲಕ್ಕೆ ತೆರೆದಿದ್ದು, ಆಮೇಲೆ ಮುಚ್ಚಿದ್ದು. ಹೊರಗೆ ಸಿಮೆಂಟು ಗಿಲಾವು ಆದದ್ದರಿಂದ ಯಾರಿಗೂ ಗೊತ್ತಿಲ್ಲವೆಂದುಕೊಂಡೆ. ನಾನು ಮದುವೆಯಾದಾಗಿನಿಂದ ಒಂದು ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದೆ.

ಟೇಪು ಹಿಡಿದು ಅಳೆದೆ. ಫೋಟೊ ತೆಗೆದೆ. ಬೈಜಾಂಟೈನ್ ಓಣಿಯನ್ನು ಬದಿಗಿಟ್ಟು ನಮ್ಮ ವಾಡೆಯ ಈ ಗೋಡೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿದೆ, ಅದೇ ಪದ್ಧತಿಯಿಂದ. ಸಂದು, ಮೇಲಿನ ಅಡ್ಡಗಲ್ಲು ಬೂದಿ. ಕೆಳಗಿನ ಕಟ್ಟೆಯ ಅಂಚು ಹಳದಿ. ಸಳಿಗಳು, ಅಂದರೆ ಕಿಟಕಿಯ ಸರಳುಗಳು, ಕೆಂಪು, ಯಾಕೆಂದರೆ ಅವು ಹೇಗಿದ್ದವೆಂದು ನನಗೆ ಗೊತ್ತಿರಲಿಲ್ಲ, ಕಟ್ಟಿಗೆಯವು ಇರಬಹುದೆಂದು ಹಾಕಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಹೋಗಿ ಅತ್ತೆಯ ಮುಂದೆ ಇಟ್ಟೆ. ಹೊಸದು ಒಡೆಯಿರಿ ಅನ್ನುತ್ತಿಲ್ಲ, ಇದ್ದದ್ದನ್ನು ತೆರೆಯಿರಿ ಅನ್ನುತ್ತಿದ್ದೇನೆ, ನಮ್ಮ ಕೆಲಸದಲ್ಲಿ ಪುರಾವೆ ಇದ್ದರೆ ಕಟ್ಟಬಹುದು ಎಂದು ಹೇಳಬೇಕೆಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಹೇಳಿದೆ.

ಅವರು ಚಷ್ಮಾ ಹಾಕಿಕೊಂಡರು. ತಮ್ಮ ಮನೆಯ ಗೋಡೆಯೇ ತೆರೆಯೊಳಗೆ ತಿರುಗುವುದನ್ನು ಕಂಡು ಮೊದಲು ಹಿಂದೆ ಸರಿದರು. ಆಮೇಲೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಕಡೆಗೆ ಒಂದು ಬೆರಳು ಮುಂದೆ ತಂದು ಕೆಂಪು ಸಳಿಗಳ ಮೇಲೆ ಇಟ್ಟರು.

"ಕಟಗಿವಲ್ಲ. ಕಬ್ಬಿಣದ್ದು ಇದ್ವು."

ಹೇಳಿದ ಮೇಲೆಯೇ ಅವರಿಗೆ ತಾವೇನು ಹೇಳಿದೆವೆಂದು ತಿಳಿದದ್ದು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು.

"ಅಂದ್ರ ನಿಮಗ ಗೊತ್ತಿತ್ತು," ಎಂದೆ.

ಆಗ ಹೇಳಿದರು. ಅವರೂ ಕಣ್ಣಾರೆ ಕಂಡಿರಲಿಲ್ಲ, ಅವರ ಅತ್ತೆ ಹೇಳಿದ್ದಂತೆ. ನಿಜಾಮರ ಕಾಲ ಮುಗಿಯುವಾಗಿನ ಗದ್ದಲದಲ್ಲಿ ಓಣಿಯ ಕಡೆಯ ಕಿಟಕಿಯನ್ನು ಗಡಬಡಿಸಿ ಮುಚ್ಚಿದರಂತೆ, ಊರು ತಣ್ಣಗಾದ ಮೇಲೆ ತೆಗೆಯೋಣ ಎಂದು. ಊರು ತಣ್ಣಗಾಯಿತು. ಕಿಟಕಿಯ ಮಾತು ಯಾರೂ ಎತ್ತಲಿಲ್ಲ, ಮುಚ್ಚಿದ್ದೇ ಮರ್ಯಾದೆಯಾಯಿತು. ಅತ್ತೆ ಹೊಸದಾಗಿ ಬಂದಾಗ ಒಮ್ಮೆ ಧೈರ್ಯ ಮಾಡಿ ತಮ್ಮ ಮಾವನನ್ನು ಕೇಳಿದ್ದರಂತೆ, ಆ ಕಿಡಕಿ ತೆಗಸ್ರಿ ಎಂದು. ಅವರು ಸಿಟ್ಟು ಮಾಡಲಿಲ್ಲವಂತೆ. ಏನು ನೋಡೋದದ ಓಣ್ಯಾಗ ಎಂದರಂತೆ, ಅಷ್ಟೇ.

ನನಗೆ ತಡೆಯಲಿಲ್ಲ. "ನಿಮಗ ಅಂದದ್ದನ್ನ ನನಗೂ ಅಂದ್ರಲ್ಲರಿ," ಎಂದೆ. ಅವರು ಮೊರ ಎತ್ತಿಕೊಂಡು ಮತ್ತೆ ಜೋಳ ಕೇರತೊಡಗಿದರು. ನಾನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಒಳಗೆ ಹೋದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದಾಯಿತು ಎಂದು ನನ್ನನ್ನೇ ಬೈದುಕೊಂಡೆ.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಂದು ಮುಂಜಾನೆ ಗೌಂಡಿ ಬಂದು ಅಂಗಳದಲ್ಲಿ ನಿಂತ. ಈ ವಾಡೆಯ ಗೋಡೆ ಕೆಲಸವೆಲ್ಲ ಮೊದಲಿಂದ ಅವರ ಮನೆತನದ್ದೇ, ಅವನ ಅಜ್ಜನನ್ನೂ ಅತ್ತೆ ಬಲ್ಲರು. ಕೈಯಲ್ಲಿ ಹಾರೆ, ಬುಟ್ಟಿ. ಗಂಡ ಹಲ್ಲುಜ್ಜುತ್ತಿದ್ದವರು ಹಾಗೆಯೇ ಬಂದು, ಯಾರು ಕರೆದದ್ದು ಎಂದು ಕೇಳಿದರು. ನನ್ನ ಕಡೆ ನೋಡಿದರು. ನಾನಲ್ಲ ಎಂದು ತಲೆ ಅಲ್ಲಾಡಿಸಿದೆ. ಅತ್ತೆ ಒಳಗಿನಿಂದ ಬಂದು ಸೆರಗು ಸರಿಮಾಡಿಕೊಂಡರು.

"ಮುಚ್ಚಿದ್ದು ತಗಸಾಕತ್ತೇನಿ," ಎಂದರು ಮಗನಿಗೆ. "ಹೊಸಾದೇನು ಒಡಸಾಕತ್ತಿಲ್ಲ."

ಅದು ನನ್ನದೇ ಮಾತು. ನಾನು ಬಾಯಿ ಬಿಡಲಿಲ್ಲ. ಮಗನೂ ಬಿಡಲಿಲ್ಲ, ಬಾಯಿಯ ತುಂಬ ಪೇಸ್ಟು ಇತ್ತು.

ಗೌಂಡಿ ಮೇಲಿನಿಂದ ಒಂದೊಂದೇ ಹೆಂಟೆ ಬಿಡಿಸಿದ. ಮಾಳಿಗೆ ಕುಸಿಯಲಿಲ್ಲ. ಮೊದಲ ತೂತು ಬಿದ್ದಾಗ ಬೆಳಕು ಒಳಗೆ ಬಂದು ನನ್ನ ಮೇಜಿನ ಮೇಲೆ ಬಿತ್ತು, ಕೀಬೋರ್ಡಿನ ಮೇಲೆ ಅಷ್ಟು ಧೂಳು ಇತ್ತೆಂದು ಆವತ್ತೇ ಗೊತ್ತಾದದ್ದು. ಕಬ್ಬಿಣದ ಸಳಿ ಕೂಡಿಸಿದರು, ಅತ್ತೆ ಹೇಳಿದಂತೆ ಅಡ್ಡ ಪಟ್ಟಿ ಹಾಕಿ. ಕೆಳಗಿನ ಅರ್ಧಕ್ಕೆ ಪರದೆಯೂ ಬಂತು, ಅದೂ ಅತ್ತೆ ಹೇಳಿದ್ದೇ. ಎದ್ದು ನಿಂತು ನೋಡಿದರೆ ಎದುರಿಗೆ ಕಿರಾಣಿ ಅಂಗಡಿ, ನಲ್ಲಿ, ನಲ್ಲಿಯ ಮುಂದೆ ಸಾಲು ಕೊಡ, ಬೇವಿನ ಗಿಡದ ನೆರಳಲ್ಲಿ ಒಬ್ಬ ಟೇಲರ್. ನಾನು ಆವತ್ತು ಕೆಲಸ ಮಾಡಲಿಲ್ಲ. ಹಾಲು ಕುಡಿದಷ್ಟು ಖುಷಿಯಾಗಿತ್ತು. ಮಾರನೆಯ ದಿನ ಕೂತು ಬೈಜಾಂಟೈನ್ ಓಣಿಯ ಮನೆ ಮನೆಗೂ ಕಿಟಕಿ ಇಟ್ಟೆ. ಎಲ್ಲಕ್ಕೂ ಕೆಂಪು ಬಣ್ಣ ಬಳಿದು ಕಳಿಸಿದೆ. ಪ್ರೊಫೆಸರಮ್ಮ ಒಪ್ಪಿದರು, ಈಗ ಇಲ್ಲಿ ಮಂದಿ ಇದ್ದಂತೆ ಕಾಣುತ್ತದೆ ಎಂದು ಬರೆದರು.

ಅದಾದ ಮೂರ್ನಾಲ್ಕು ದಿನಕ್ಕೆ ಅತ್ತೆ ತಮ್ಮ ಕುರ್ಚಿಯನ್ನು ಆಳಿನ ಕೈಲಿ ಹೊರಿಸಿಕೊಂಡು ನನ್ನ ಕೋಣೆಗೆ ಬಂದರು. ಪಡಸಾಲೆಯಲ್ಲಿ ಸೆಕೆ ಎಂದರು. ಕುರ್ಚಿ ಕಿಟಕಿಯ ಮುಂದೆ ಕೂತಿತು, ಪರದೆ ಒಂದು ಕಡೆ ಸರಿಯಿತು. ಈಗ ಅವರು ಮುಂಜಾನೆಯ ನಾಷ್ಟಾ ಆದ ಕೂಡಲೇ ಬರುತ್ತಾರೆ, ಊಟಕ್ಕೆ ಏಳುತ್ತಾರೆ, ಮತ್ತೆ ಬರುತ್ತಾರೆ. ಬೆಳಕೆಲ್ಲ ಅವರ ಮೈಮೇಲೆ, ನನ್ನ ಮೇಜಿನ ಮೇಲೆ ಅವರ ನೆರಳು. ಸುಮ್ಮನೆಯೂ ಕೂರುವುದಿಲ್ಲ. ಟೇಲರ್ ಇವತ್ತು ತಡ ಮಾಡಿದ, ಅಂಗಡಿಯವನು ಹಳೆ ಬೆಲ್ಲ ಮೇಲಿಟ್ಟು ಮಾರುತ್ತಾನೆ, ಆ ಹುಡುಗಿಗೆ ಇಜೇರಿಯಿಂದ ವರ ಬಂದಿರಬೇಕು, ಹೊಸ ಚಪ್ಪಲಿ ಹಾಕಿದ್ದಾಳೆ ಎಂದು ನನಗೆ ವರದಿ ಕೊಡುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದು ನಾಲ್ಕು ದಿನ ಇದ್ದು ಹೋಯಿತು. ನಾನು ಹೊರಗೆ ಹೋಗುವ ಮಾತು ಈಗಲೂ ಇಲ್ಲ, ಈಗ ಒಳಗೂ ಒಬ್ಬಳೇ ಇರುವಂತಿಲ್ಲ. ಹಲ್ಲು ಕಚ್ಚಿ ಕೂರುತ್ತೇನೆ.

ಮೊನ್ನೆ ತಡೆಯಲಿಕ್ಕಾಗಲಿಲ್ಲ. ಗುಮ್ಮಟದ ಒಳಗಿನ ಚಿತ್ರದ ಬಣ್ಣ ಹೊಂದಿಸುವ ಕೆಲಸವಿತ್ತು, ಹಗಲ ಬೆಳಕು ಬೇಕೇ ಬೇಕಾಗಿತ್ತು. ಇವತ್ತು ಹೇಳಿಯೇಬಿಡುತ್ತೇನೆ, ಈ ಕಿಟಕಿ ನಾನು ಕೇಳಿದ್ದು, ನಾನು ಹುಡುಕಿದ್ದು ಎಂದು, ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಅತ್ತಿ, ಸ್ವಲ್ಪ ಸರೀರಿ. ನನಗ ಬೆಳಕ ಬರವಲ್ದು," ಎಂದೆ.

ಅವರು ತಿರುಗಿ ನೋಡಲಿಲ್ಲ. ಎರಡೂ ಕೈಯಲ್ಲಿ ಸಳಿ ಹಿಡಿದುಕೊಂಡಿದ್ದರು, ಹಣೆಯನ್ನು ಕಬ್ಬಿಣಕ್ಕೆ ಆನಿಸಿದ್ದರು.

"ತಡಿಬೇ, ಯವ್ವಾ," ಎಂದರು. "ಇನ್ನೊಂದೀಟು ನೋಡ್ತೇನಿ. ಈ ಮನಿಗಿ ಬಂದಾಗಿಂದ ನೋಡಿಲ್ಲ."

ನಾನು ಎದ್ದು ಟ್ಯೂಬ್‌ಲೈಟ್ ಹಾಕಿಕೊಂಡೆ.